ಸರ್ವರ್ ಅಪ್‌ಗ್ರೇಡ್ ಆದ ಮೇಲೆ ಡೊಮೇನ್ ನೆಟ್‌ವರ್ಕ್ ‘ಪಬ್ಲಿಕ್’ ಆಗುವುದು ಯಾಕೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಯಂತ್ರಗಳ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ. ನಾನು ಅಕೌಂಟ್ಸ್‌ನವನು. ಕಂಪ್ಯೂಟರ್ ಬಗ್ಗೆ ಸ್ವಲ್ಪ ಗೊತ್ತಿದೆ ಅಂತ ಆ ಜವಾಬ್ದಾರಿಯೂ ನನ್ನ ತಲೆಗೇ ಬಂದಿದೆ. ಸುಮಾರು 30 ಕಂಪ್ಯೂಟರ್, ಒಂದೇ ಸರ್ವರ್. ಲಾಗಿನ್, ಟ್ಯಾಲಿ, ಡ್ರಾಯಿಂಗ್ ಫೋಲ್ಡರ್ ಎಲ್ಲಾ ಅದರಲ್ಲೇ. ಹೋದ ತಿಂಗಳು ವೆಂಡರ್ ಬಂದು ವಿಂಡೋಸ್ ಸರ್ವರ್ 2016 ಇದ್ದದ್ದನ್ನು ಅದೇ ಮೆಷಿನ್‌ನಲ್ಲಿ 2025ಕ್ಕೆ ಅಪ್‌ಗ್ರೇಡ್ ಮಾಡಿದರು. ಅವತ್ತಿನಿಂದ ಸರ್ವರ್ ರೀಸ್ಟಾರ್ಟ್ ಆದಾಗೆಲ್ಲಾ ನೆಟ್‌ವರ್ಕ್ ‘ಪಬ್ಲಿಕ್’ ಅಂತ ತೋರಿಸುತ್ತದೆ. ಮೊದಲು ಅಲ್ಲಿ ನಮ್ಮ ಡೊಮೇನ್ (ಆಫೀಸಿನ ಕಂಪ್ಯೂಟರ್, ಲಾಗಿನ್ ಎಲ್ಲಾ ಒಂದೇ ಕಡೆ ಸೇರಿಸಿದ ಗುಂಪು) ಹೆಸರು ಇರುತ್ತಿತ್ತು. ಜನ ಲಾಗಿನ್ ಆಗುತ್ತಾರೆ, ಡ್ರಾಯಿಂಗ್ ಫೋಲ್ಡರ್ ತೆರೆಯುತ್ತದೆ, ಆದರೆ ಟ್ಯಾಲಿ ಸರ್ವರ್ ಸಿಗುವುದಿಲ್ಲ, ರಿಮೋಟ್ ಡೆಸ್ಕ್‌ಟಾಪ್ ಸಿಗುವುದಿಲ್ಲ. ಸರ್ವರ್‌ನ ನೆಟ್‌ವರ್ಕ್ ಕೇಬಲ್ ಕಿತ್ತು ಮತ್ತೆ ಹಾಕಿದರೆ ಎಲ್ಲಾ ಸರಿ! ವೆಂಡರ್ ಕೇಬಲ್ ಬದಲಾಯಿಸಿ ನೋಡಿದರು, ಉಪಯೋಗ ಆಗಲಿಲ್ಲ. ಕಾಪಿಯರ್‌ನಿಂದ ಸ್ಕ್ಯಾನ್ ಮಾಡಿದ್ದು ಫೋಲ್ಡರ್‌ಗೆ ಬರುವುದೂ ನಿಂತಿದೆ, ಅದು ಮಾತ್ರ ಕೇಬಲ್ ಕಿತ್ತು ಹಾಕಿದರೂ ಸರಿಯಾಗುವುದಿಲ್ಲ. ಈಗ ಅವರು ‘ಫೈರ್‌ವಾಲ್ ಆಫ್ ಮಾಡೋಣ, ಇಲ್ಲಾಂದ್ರೆ ಡೊಮೇನ್ ತೆಗೆದು ಅದೇ ಹೆಸರಲ್ಲಿ ಹೊಸದು ಮಾಡೋಣ’ ಎನ್ನುತ್ತಿದ್ದಾರೆ. ನಮ್ಮ ಯಜಮಾನರು ‘ಹಳೇ 2016ಕ್ಕೇ ವಾಪಸ್ ಹೋಗಿ’ ಎನ್ನುತ್ತಾರೆ. ಏನು ಮಾಡಲಿ? ಸರ್ವರ್‌ನ ಐಪಿ ಸೆಟ್ಟಿಂಗ್‌ನ ಫೋಟೊ ಕಳಿಸಿದ್ದೇನೆ.

ಉತ್ತರ: ನಿಮ್ಮ ಡೊಮೇನ್ ಎಲ್ಲಿಗೂ ಹೋಗಿಲ್ಲ. ಹಾಳಾಗಿದ್ದರೆ ಡ್ರಾಯಿಂಗ್ ಫೋಲ್ಡರ್ ತೆರೆಯುತ್ತಿರಲಿಲ್ಲ. ಲಾಗಿನ್ ಆಗುತ್ತಿದೆ ಎನ್ನುವುದನ್ನು ಮಾತ್ರ ಸಾಕ್ಷಿ ಅಂತ ಹಿಡಿಯಬೇಡಿ. ಪ್ರತಿ ವಿಂಡೋಸ್ ಕಂಪ್ಯೂಟರ್ ತನ್ನಲ್ಲಿ ಕೊನೆಗೆ ಲಾಗಿನ್ ಆದ 10 ಜನರ ಗುರುತನ್ನು ಇಟ್ಟುಕೊಂಡಿರುತ್ತದೆ. ಹಾಗಾಗಿ ಸರ್ವರ್ ಪೂರ್ತಿ ಸತ್ತಿದ್ದರೂ ಅವರು ಒಳಗೆ ಹೋಗಬಹುದು. ಫೋಲ್ಡರ್ ತೆರೆಯುವುದಕ್ಕೆ ಸರ್ವರ್ ಬದುಕಿರಲೇಬೇಕು. ನಿಮ್ಮದು ಬದುಕಿದೆ. ತಾನು ಯಾವ ನೆಟ್‌ವರ್ಕ್‌ನಲ್ಲಿದ್ದೇನೆ ಎನ್ನುವ ಲೆಕ್ಕ ಮಾತ್ರ ಅದಕ್ಕೆ ತಪ್ಪಿದೆ.

ಇನ್ನು ಕೇಬಲ್ ವಿಚಾರ. ಕಿತ್ತು ಹಾಕಿದರೆ ಸರಿಹೋಗುತ್ತದೆ ಎಂದರೆ ಕೇಬಲ್ ಸಡಿಲ ಇರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಎಸ್‌ಪಿ ರೋಡ್ ಅಂಗಡಿಗಳಿಂದ ಎಷ್ಟು ಹೊಸ ಕೇಬಲ್ ತಂದರೂ ಈ ತೊಂದರೆ ಹೋಗುವುದಿಲ್ಲ. ಕೇಬಲ್ ಕಿತ್ತಾಗ ನೆಟ್‌ವರ್ಕ್ ಹೋಯಿತು ಅಂತ ವಿಂಡೋಸ್ ಬರೆದುಕೊಳ್ಳುತ್ತದೆ. ಮತ್ತೆ ಹಾಕಿದಾಗ ‘ಇದು ಯಾವ ನೆಟ್‌ವರ್ಕ್?’ ಎಂದು ಮೊದಲಿನಿಂದ ವಿಚಾರಿಸುತ್ತದೆ. ಎರಡನೇ ಸಲ ಕೇಳಿದಾಗ ಸರಿ ಉತ್ತರ ಸಿಗುತ್ತಿದೆ. ಮೊದಲ ಸಲ, ಅಂದರೆ ಸರ್ವರ್ ಶುರುವಾಗುವಾಗ ಮಾತ್ರ ಸಿಗುತ್ತಿಲ್ಲ. ಹಾಗಾಗಿ ಹುಡುಕಬೇಕಾದದ್ದು ಆ ಮೊದಲ ಒಂದೆರಡು ನಿಮಿಷದಲ್ಲಿ ಏನಾಗುತ್ತಿದೆ ಎನ್ನುವುದನ್ನು.

ಹೊರಗಿನಿಂದ ಬರುವ ಸಂಪರ್ಕಗಳನ್ನು ತಡೆಯುವ ಕಾವಲುಗಾರ ವಿಂಡೋಸ್ ಫೈರ್‌ವಾಲ್. ಅದಕ್ಕೆ ಮೂರು ಪ್ರೊಫೈಲ್ ಇವೆ: ಡೊಮೇನ್, ಪ್ರೈವೇಟ್, ಪಬ್ಲಿಕ್. ಒಂದೊಂದಕ್ಕೂ ಬೇರೆ ಬೇರೆ ನಿಯಮ ಇರಬಹುದು. ‘ಪಬ್ಲಿಕ್’ ಎಂದರೆ ಮೆಜೆಸ್ಟಿಕ್ ಬಸ್ ನಿಲ್ದಾಣದ ವೈಫೈಗೆ ಸಿಕ್ಕಿಸಿದ ಹಾಗೆ, ಯಾರನ್ನೂ ನಂಬಬೇಡ ಎಂದು. ಪ್ರೈವೇಟ್, ಪಬ್ಲಿಕ್ ಎರಡನ್ನು ನಾವು ಕೈಯಿಂದ ಬದಲಾಯಿಸಬಹುದು. ಡೊಮೇನ್ ಪ್ರೊಫೈಲನ್ನು ಹಾಗೆ ಕೈಯಿಂದ ಆರಿಸಲು ಬರುವುದಿಲ್ಲ. ವಿಂಡೋಸ್ ತಾನೇ ಡಿಎನ್‌ಎಸ್‌ನಲ್ಲಿ (ಹೆಸರು ಹೇಳಿದರೆ ಐಪಿ ವಿಳಾಸ ಕೊಡುವ ವ್ಯವಸ್ಥೆ) ಡೊಮೇನ್ ಕಂಟ್ರೋಲರ್‌ನ, ಅಂದರೆ ಡೊಮೇನ್‌ನ ಲಾಗಿನ್ ನೋಡಿಕೊಳ್ಳುವ ಸರ್ವರ್‌ನ ವಿಳಾಸ ಹುಡುಕಿ, ಅದರ ಜೊತೆ ಮಾತಾಡಿ, ಖಚಿತವಾದರೆ ಮಾತ್ರ ಆ ಪ್ರೊಫೈಲ್ ಹಾಕಿಕೊಳ್ಳುತ್ತದೆ.

ನಿಮ್ಮ ಆಫೀಸಿನಲ್ಲಿ ಇದು ವಿಚಿತ್ರವಾಗುತ್ತದೆ. ಇರುವುದು ಒಂದೇ ಸರ್ವರ್. ಡೊಮೇನ್ ಕಂಟ್ರೋಲರ್ ಅದೇ, ಡಿಎನ್‌ಎಸ್ ಅದೇ. ಅದು ಶುರುವಾಗುವಾಗ ‘ನನ್ನ ಡೊಮೇನ್ ಕಂಟ್ರೋಲರ್ ಎಲ್ಲಿದೆ?’ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಆ ಹೊತ್ತಿಗೆ ಅದರ ಡಿಎನ್‌ಎಸ್ ಇನ್ನೂ ಎದ್ದಿರುವುದಿಲ್ಲ, ಯಾಕೆಂದರೆ ಡಿಎನ್‌ಎಸ್ ಆಕ್ಟಿವ್ ಡೈರೆಕ್ಟರಿ (ಡೊಮೇನ್‌ನ ಬಳಕೆದಾರರ, ಕಂಪ್ಯೂಟರ್‌ಗಳ ದಾಖಲೆ ಇಡುವ ಭಾಗ) ಏಳುವುದನ್ನು ಕಾಯುತ್ತಿರುತ್ತದೆ. ಈವೆಂಟ್ ವ್ಯೂವರ್‌ನಲ್ಲಿ ಡಿಎನ್‌ಎಸ್ ಸರ್ವರ್ ಲಾಗ್ ತೆರೆದು 4013 ಎಂಬ ಸಂಖ್ಯೆಯ ಎಚ್ಚರಿಕೆ ಇದೆಯಾ ನೋಡಿ. ಈ ಕಾಯುವಿಕೆಯನ್ನೇ ಅದು ಹೇಳುವುದು. ನೆಟ್‌ವರ್ಕ್‌ಪ್ರೊಫೈಲ್ ಎಂಬ ಇನ್ನೊಂದು ಲಾಗ್‌ನಲ್ಲಿ 10000 ಸಂಖ್ಯೆಯ ದಾಖಲೆ ಇರುತ್ತದೆ. ನೆಟ್‌ವರ್ಕ್ ಸಿಕ್ಕ ಸಮಯ, ಅದಕ್ಕೆ ಕೊಟ್ಟ ವರ್ಗ ಎರಡೂ ಅಲ್ಲಿ ಕಾಣುತ್ತವೆ. ಎರಡೂ ಲಾಗ್‌ನ ಗಂಟೆ ನಿಮಿಷ ಪಕ್ಕಪಕ್ಕ ಇಟ್ಟು ನೋಡಿ. ಯಾರು ಮೊದಲು ಎದ್ದರು, ಯಾರು ಆಮೇಲೆ ಎದ್ದರು ಎನ್ನುವುದು ಗೊತ್ತಾಗುತ್ತದೆ.

ಹಾಗಾದರೆ 2016ರಲ್ಲಿ ಇದೇ ಸರ್ವರ್ ಚೆನ್ನಾಗಿ ನಡೆಯುತ್ತಿತ್ತಲ್ಲ? ಹೌದು. ಹೊಸದಾಗಿ ಸೇರಿಕೊಂಡದ್ದು 2025ರ ಒಂದು ದೋಷ. ಈ ಆವೃತ್ತಿ ಬಂದಿದ್ದು 2024ರ ನವೆಂಬರ್‌ನಲ್ಲಿ. ಡೊಮೇನ್ ಕಂಟ್ರೋಲರ್ ಆಗಿರುವ 2025 ಸರ್ವರ್‌ಗಳು ರೀಸ್ಟಾರ್ಟ್ ಆದ ಮೇಲೆ ಡೊಮೇನ್ ಫೈರ್‌ವಾಲ್ ಪ್ರೊಫೈಲ್ ಹಾಕಿಕೊಳ್ಳದೆ ಸಾಮಾನ್ಯ ಪ್ರೊಫೈಲ್‌ನಲ್ಲೇ ಉಳಿಯುತ್ತವೆ ಎಂದು ಮೈಕ್ರೋಸಾಫ್ಟ್ 2025ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡಿತು. ಜೂನ್ 10, 2025ರ ಅಪ್‌ಡೇಟ್‌ನಲ್ಲಿ ಸರಿಪಡಿಸಿತು. ಅದರ ಸಂಖ್ಯೆ ಕೆಬಿ5060842. ಅದಾದ ಮೇಲಿನ ಪ್ರತಿ ತಿಂಗಳ ಅಪ್‌ಡೇಟ್‌ನಲ್ಲೂ ಆ ರಿಪೇರಿ ಸೇರಿರುತ್ತದೆ. ನಿಮ್ಮ ವೆಂಡರ್ ಹಳೇ ಪೆನ್‌ಡ್ರೈವ್‌ನಲ್ಲಿದ್ದ ಮೊದಲ ದಿನಗಳ ಪ್ರತಿಯಿಂದ ಇನ್‌ಸ್ಟಾಲ್ ಮಾಡಿ, ‘ಅಪ್‌ಡೇಟ್ ಬಂದರೆ ರೀಸ್ಟಾರ್ಟ್ ಆಗುತ್ತೆ, ಬೇಡ’ ಎಂದು ಅದನ್ನು ನಿಲ್ಲಿಸಿರಬಹುದು. ಸಣ್ಣ ಆಫೀಸುಗಳಲ್ಲಿ ಇದನ್ನು ನಾನು ಜಾಸ್ತಿ ನೋಡುತ್ತೇನೆ. ಪರೀಕ್ಷೆ ಸುಲಭ. ಸರ್ವರ್‌ನಲ್ಲಿ ‘ವಿನ್‌ವರ್’ (winver) ಎಂದು ಟೈಪ್ ಮಾಡಿ. ಬಿಲ್ಡ್ ಸಂಖ್ಯೆ 26100.4349 ಅಥವಾ ಅದಕ್ಕಿಂತ ಮೇಲಿದ್ದರೆ ರಿಪೇರಿ ಬಂದಿದೆ. ಕೆಳಗಿದ್ದರೆ ಅಪರಾಧಿ ಅರ್ಧ ಸಿಕ್ಕ ಹಾಗೆ.

ಉಳಿದ ಅರ್ಧ ನೀವು ಕಳಿಸಿದ ಫೋಟೊದಲ್ಲಿದೆ. ಸರ್ವರ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಮೊದಲ ಡಿಎನ್‌ಎಸ್ ಜಾಗದಲ್ಲಿ ಇರುವುದು ಸರ್ವರ್‌ನದೇ ವಿಳಾಸ. ಎರಡನೆಯದು 8.8.8.8, ಅಂದರೆ ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್. ‘ಒಂದು ಕೈಕೊಟ್ಟರೆ ಇನ್ನೊಂದು ಇರಲಿ’ ಎಂದು ಹಾಕಿರುತ್ತಾರೆ. ಬೆಂಗಳೂರಿನ ಸಣ್ಣ ಆಫೀಸುಗಳಲ್ಲಿ ಡೊಮೇನ್ ಕಾಯಿಲೆ ಅಂತ ಕರೆದಾಗ ನಾನು ಮೊದಲು ತೆರೆದು ನೋಡುವ ಜಾಗ ಇದೇ.

ಇದರಲ್ಲಿ ತಪ್ಪೇನು? ಎರಡನೇ ಡಿಎನ್‌ಎಸ್ ಕೇವಲ ಇಂಟರ್‌ನೆಟ್ ಹೆಸರುಗಳಿಗೆ ಎಂದು ತುಂಬಾ ಜನ ತಿಳಿದಿದ್ದಾರೆ. ವಿಂಡೋಸ್ ಹಾಗೆ ಭೇದ ಮಾಡುವುದಿಲ್ಲ. ಮೊದಲನೆಯದು ಸಮಯಕ್ಕೆ ಉತ್ತರ ಕೊಡದಿದ್ದರೆ ಎರಡನೆಯದನ್ನು ಕೇಳುತ್ತದೆ, ಅಷ್ಟೆ. ನಿಮ್ಮ ಸರ್ವರ್ ಶುರುವಾಗುವಾಗ ತನ್ನ ಡಿಎನ್‌ಎಸ್ ಮಲಗಿರುತ್ತದೆ. ಆಗ ಅದು 8.8.8.8ರ ಹತ್ತಿರ ಹೋಗಿ ನಿಮ್ಮ ಆಫೀಸಿನ ಒಳಗಿನ ಡೊಮೇನ್ ಹೆಸರು ಹೇಳಿ ವಿಳಾಸ ಕೇಳುತ್ತದೆ. ಆ ಹೆಸರು ಹೊರಗಿನ ಲೋಕಕ್ಕೆ ಗೊತ್ತಿಲ್ಲ. ‘ಅಂಥ ಹೆಸರೇ ಇಲ್ಲ’ ಎಂದು ಗೂಗಲ್ ಖಡಾಖಂಡಿತವಾಗಿ ಹೇಳುತ್ತದೆ. ‘ಉತ್ತರ ಬರಲಿಲ್ಲ’ ಎನ್ನುವುದಕ್ಕೂ ‘ಇಲ್ಲ ಎಂಬ ಉತ್ತರ ಬಂತು’ ಎನ್ನುವುದಕ್ಕೂ ವ್ಯತ್ಯಾಸ ಇದೆ. ಉತ್ತರ ಬರದಿದ್ದರೆ ಇನ್ನೊಮ್ಮೆ ಕೇಳಬಹುದು. ಇಲ್ಲ ಎಂದು ಬಂದರೆ ವಿಂಡೋಸ್ ಅದನ್ನು ನಂಬಿ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಡೊಮೇನ್ ಕಂಟ್ರೋಲರ್ ಸಿಗಲಿಲ್ಲ ಎಂಬುದನ್ನು ವಿಂಡೋಸ್‌ನ ನೆಟ್‌ಲಾಗನ್ ಸರ್ವಿಸ್ ಮಾಮೂಲಾಗಿ 45 ಸೆಕೆಂಡ್ ನೆನಪಿಡುತ್ತದೆ. ಅಷ್ಟರೊಳಗೆ ‘ಪಬ್ಲಿಕ್’ ಎಂಬ ಮುದ್ರೆ ಬಿದ್ದಿರುತ್ತದೆ. ಮತ್ತೆ ಕೇಳಲು ಕಾರಣ ಬೇಕು. ನೀವು ಕೇಬಲ್ ಕಿತ್ತು ಆ ಕಾರಣ ಒದಗಿಸುತ್ತಿದ್ದೀರಿ.

ಮತ್ತೆ ಫೋಲ್ಡರ್ ತೆರೆದು ಟ್ಯಾಲಿ ಸಿಗದಿರುವುದು ಯಾಕೆ? ಡೊಮೇನ್ ಕಂಟ್ರೋಲರ್ ಮಾಡುವಾಗ ವಿಂಡೋಸ್ ತನಗೆ ಬೇಕಾದ ಫೈರ್‌ವಾಲ್ ನಿಯಮಗಳನ್ನು ತಾನೇ ಬರೆದುಕೊಳ್ಳುತ್ತದೆ. ಅವು ಮೂರೂ ಪ್ರೊಫೈಲ್‌ಗೆ ಅನ್ವಯ. ಫೋಲ್ಡರ್ ಹಂಚಿಕೆಯ 445 ಪೋರ್ಟ್ (ಸಂಪರ್ಕ ಒಳಗೆ ಬರುವ ಬಾಗಿಲು) ಕೂಡ ಅದರಲ್ಲಿ ಸೇರಿದೆ. ಟ್ಯಾಲಿಗೆ, ಬ್ಯಾಕಪ್‌ಗೆ, ಹಾಜರಾತಿ ಸಾಫ್ಟ್‌ವೇರ್‌ಗೆ ಬೇಕಾದ ನಿಯಮಗಳನ್ನು ಆಮೇಲೆ ಯಾರೋ ಕೈಯಿಂದ ಸೇರಿಸಿರುತ್ತಾರೆ. ನಿಮ್ಮಲ್ಲಿ ಹಾಗೆ ಸೇರಿಸಿದವರು ‘ಡೊಮೇನ್’ ಒಂದಕ್ಕೇ ಟಿಕ್ ಹಾಕಿದ್ದಾರೆ ಅನ್ನಿಸುತ್ತದೆ. ಅವರು ಮಾಡಿದ್ದು ಸರಿಯಾದ ಕೆಲಸ. ಆದ್ದರಿಂದಲೇ ಈಗ ಅರ್ಧ ನಡೆದು ಅರ್ಧ ನಿಂತಿದೆ.

ಈಗ ನಿಮ್ಮ ಮುಂದಿರುವ ಸಲಹೆಗಳನ್ನು ನೋಡೋಣ.

ಫೈರ್‌ವಾಲ್ ಆಫ್ ಮಾಡುವುದು: ಟ್ಯಾಲಿ ತಕ್ಷಣ ತೆರೆಯುತ್ತದೆ, ಎಲ್ಲರೂ ಖುಷಿ. ಆದರೆ ಈ ಸರ್ವರ್‌ನಲ್ಲಿ ನಿಮ್ಮ ಆಫೀಸಿನ ಎಲ್ಲರ ಪಾಸ್‌ವರ್ಡ್ ಗುರುತುಗಳಿವೆ. ಯಜಮಾನರು ಮನೆಯಿಂದ ಟ್ಯಾಲಿ ನೋಡಲಿ ಎಂದು ಯಾರಾದರೂ ರೌಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್ ತೆರೆದಿಟ್ಟಿದ್ದರಂತೂ ಕಥೆ ಮುಗಿಯಿತು. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್‌ಸಮ್‌ವೇರ್ ಒಳಗೆ ಬರುವ ದಾರಿಗಳಲ್ಲಿ ಅದು ತೀರಾ ಮಾಮೂಲಿ. ಅದು ತೆರೆದಿದೆಯಾ ಎಂದು ಇವತ್ತೇ ನೋಡಿ, ಇದ್ದರೆ ಮುಚ್ಚಿಸಿ. ಫೈರ್‌ವಾಲ್ ಸರ್ವಿಸ್ಸನ್ನೇ ನಿಲ್ಲಿಸುವುದನ್ನು ಮೈಕ್ರೋಸಾಫ್ಟ್ ಬೆಂಬಲಿಸುವುದಿಲ್ಲ, ಅದರಿಂದ ಬೇರೆ ತೊಂದರೆಗಳೂ ಹುಟ್ಟುತ್ತವೆ. ಟ್ಯಾಲಿ ನಿಯಮಕ್ಕೆ ‘ಪಬ್ಲಿಕ್’ ಟಿಕ್ ಕೂಡ ಹಾಕುವುದು ಇದಕ್ಕಿಂತ ಕಡಿಮೆ ಕೆಟ್ಟದ್ದು. ಒಂದೆರಡು ದಿನ ಕೆಲಸ ನಡೆಯಬೇಕು ಎಂದರೆ, ಆಫೀಸಿನ ಒಳಗಿನ ಐಪಿ ವಿಳಾಸಗಳಿಗೆ ಮಾತ್ರ ಎಂದು ಮಿತಿ ಹಾಕಿ ಮಾಡಬಹುದು.

ಡೊಮೇನ್ ತೆಗೆದು ಅದೇ ಹೆಸರಲ್ಲಿ ಹೊಸದು ಮಾಡುವುದು: ದಯವಿಟ್ಟು ಬೇಡ. ಇಡೀ ಪತ್ರದಲ್ಲಿ ನನಗೆ ಗಾಬರಿ ಹುಟ್ಟಿಸಿದ ಸಾಲು ಇದೊಂದೇ. ಹೆಸರು ಒಂದೇ ಇದ್ದರೂ ವಿಂಡೋಸ್‌ಗೆ ಅದು ಬೇರೆಯೇ ಡೊಮೇನ್. ಪ್ರತಿ ಬಳಕೆದಾರನಿಗೂ ಒಳಗೊಳಗೆ ಎಸ್‌ಐಡಿ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಫೋಲ್ಡರ್ ಅನುಮತಿಗಳೆಲ್ಲಾ ನಿಂತಿರುವುದು ಹೆಸರಿನ ಮೇಲಲ್ಲ, ಆ ಸಂಖ್ಯೆಯ ಮೇಲೆ. ಹೊಸ ಡೊಮೇನ್‌ನಲ್ಲಿ ಎಲ್ಲರಿಗೂ ಹೊಸ ಸಂಖ್ಯೆ. ಡ್ರಾಯಿಂಗ್ ಫೋಲ್ಡರ್‌ನ ಅನುಮತಿಗಳನ್ನು ಒಂದೊಂದಾಗಿ ಮತ್ತೆ ಕೊಡಬೇಕು. 30 ಕಂಪ್ಯೂಟರನ್ನೂ ಬಿಡಿಸಿ ಸೇರಿಸಬೇಕು. ಬೆಳಿಗ್ಗೆ ಬಂದವರಿಗೆ ಖಾಲಿ ಡೆಸ್ಕ್‌ಟಾಪ್ ಕಾಣುತ್ತದೆ, ‘ನನ್ನ ಫೈಲ್ ಎಲ್ಲಿ?’ ಎಂದು ನಿಮ್ಮ ಟೇಬಲ್ ಮುಂದೆ ಕ್ಯೂ. ಇಷ್ಟೆಲ್ಲಾ ಮಾಡಿದ ಮೇಲೂ ಸರ್ವರ್ ರೀಸ್ಟಾರ್ಟ್ ಆದರೆ ಮತ್ತೆ ‘ಪಬ್ಲಿಕ್’! ಮೂಲ ಕಾರಣವನ್ನು ಯಾರೂ ಮುಟ್ಟಿಲ್ಲವಲ್ಲ. ಇರುವ ಡೊಮೇನ್‌ಗೇ ಕಂಪ್ಯೂಟರ್‌ಗಳನ್ನು ಬಿಡಿಸಿ ಸೇರಿಸಿದರೆ ಇಷ್ಟು ಅನಾಹುತ ಇಲ್ಲ, ಆದರೆ ಅದೂ ಸುಮ್ನೆ ದಂಡದ ಕೆಲಸ. ತೊಂದರೆ ಇರುವುದು ಸರ್ವರ್‌ನಲ್ಲಿ.

2016ಕ್ಕೆ ವಾಪಸ್ ಹೋಗುವುದು: ಯಜಮಾನರ ಆಸೆ ಅರ್ಥವಾಗುತ್ತದೆ. ಆದರೆ ಅಪ್‌ಗ್ರೇಡ್ ಮುಗಿದ ಮೇಲೆ ಒಂದು ಬಟನ್ ಒತ್ತಿ ಹಿಂದೆ ಹೋಗಲು ಆಗುವುದಿಲ್ಲ. ಅಪ್‌ಗ್ರೇಡ್‌ಗೆ ಮೊದಲು ತೆಗೆದ ಬ್ಯಾಕಪ್ ಇದ್ದರೆ ಅದನ್ನೇ ಮರಳಿ ಹಾಕಬೇಕು. ಅಲ್ಲಿ ಒಂದು ಬಲೆ ಇದೆ. ಡೊಮೇನ್‌ನಲ್ಲಿರುವ ಪ್ರತಿ ಕಂಪ್ಯೂಟರ್‌ಗೂ ತನ್ನದೇ ಒಂದು ಗುಟ್ಟಿನ ಪಾಸ್‌ವರ್ಡ್ ಇರುತ್ತದೆ, ಅದು 30 ದಿನಕ್ಕೊಮ್ಮೆ ತಾನಾಗಿಯೇ ಬದಲಾಗುತ್ತದೆ. ಹೋದ ತಿಂಗಳ ಸರ್ವರನ್ನು ಇವತ್ತು ಎಬ್ಬಿಸಿದರೆ, ನಡುವೆ ಪಾಸ್‌ವರ್ಡ್ ಬದಲಾಯಿಸಿಕೊಂಡ ಕಂಪ್ಯೂಟರ್‌ಗಳನ್ನು ಅದು ಗುರುತು ಹಿಡಿಯದೆ ಹೋಗಬಹುದು. ‘ಟ್ರಸ್ಟ್ ರಿಲೇಶನ್‌ಶಿಪ್’ (ಕಂಪ್ಯೂಟರ್, ಡೊಮೇನ್ ನಡುವಿನ ನಂಬಿಕೆ) ಮುರಿದಿದೆ ಎಂಬ ಸಂದೇಶ ಸಾಲಾಗಿ ಬರಬಹುದು. ದಿನ ಕಳೆದಷ್ಟೂ ಈ ದಾರಿ ಹದಗೆಡುತ್ತದೆ. ಮೇಲಾಗಿ 2016ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಮುಗಿಯುವುದು 2027ರ ಜನವರಿ 12ಕ್ಕೆ. ಅಲ್ಲಿಗೆ ಹೋಗಿ ನೆಲೆ ನಿಲ್ಲಲು ಆಗುವುದಿಲ್ಲ.

ನಾನಾಗಿದ್ದರೆ ಒಂದು ಭಾನುವಾರ ಶಾಪ್ ರಜಾ ಇದ್ದಾಗ ಈ ಕ್ರಮದಲ್ಲಿ ಕೂರುತ್ತಿದ್ದೆ. ಮೊದಲು ಬ್ಯಾಕಪ್. ಬರೀ ಟ್ಯಾಲಿ ಡೇಟಾ ಸಾಲದು, ‘ಸಿಸ್ಟಮ್ ಸ್ಟೇಟ್’ ಕೂಡ ಬೇಕು. ಡೊಮೇನ್ ಇರುವುದು ಅದರಲ್ಲಿ. ಹೊರಗಿನ ಡಿಸ್ಕ್‌ಗೆ ತೆಗೆದು, ಕಳಚಿ ಬೀರುವಿನಲ್ಲಿ ಇಡಿ.

ಆಮೇಲೆ ಡಿಎನ್‌ಎಸ್. ಸರ್ವರ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಿಂದ 8.8.8.8 ತೆಗೆಯಿರಿ. ಅದರದೇ ವಿಳಾಸ ಮಾತ್ರ ಉಳಿಯಲಿ. ‘ಅಯ್ಯೋ, ಇಂಟರ್‌ನೆಟ್ ಹೋಗುತ್ತಲ್ಲ’ ಎನ್ನಬೇಡಿ. ಡಿಎನ್‌ಎಸ್ ಮ್ಯಾನೇಜರ್ ಒಳಗೆ ‘ಫಾರ್ವರ್ಡರ್ಸ್’ ಎಂಬ ಜಾಗ ಇದೆ. 8.8.8.8 ಇರಬೇಕಾದದ್ದು ಅಲ್ಲಿ. ಆಗ ಒಳಗಿನ ಹೆಸರಿಗೆ ಸರ್ವರ್ ಉತ್ತರ ಕೊಡುತ್ತದೆ, ತನಗೆ ಗೊತ್ತಿಲ್ಲದ್ದನ್ನು ಮಾತ್ರ ಹೊರಗೆ ಕೇಳುತ್ತದೆ. ಉಳಿದ 30 ಕಂಪ್ಯೂಟರ್‌ಗಳಿಗೆ ಐಪಿ ಹಂಚುವವರು ಯಾರು ಎಂದೂ ನೋಡಿ. ಇಂಟರ್‌ನೆಟ್ ಕಂಪನಿ ಕೊಟ್ಟ ರೌಟರ್ ಹಂಚುತ್ತಿದ್ದರೆ ಅದು ತನ್ನ ಡಿಎನ್‌ಎಸ್ಸನ್ನೇ ಕೊಡುತ್ತಿರುತ್ತದೆ. ಅಲ್ಲಿಯೂ ಸರ್ವರ್‌ನ ವಿಳಾಸ ಮಾತ್ರ ಹೋಗಬೇಕು.

ಅದೇ ಹೊತ್ತಿಗೆ ನೆಟ್‌ವರ್ಕ್ ಕಾರ್ಡ್ ಹೆಸರನ್ನೂ ಗಮನಿಸಿ. ಅಪ್‌ಗ್ರೇಡ್ ಮಾಡುವಾಗ ಡ್ರೈವರ್ ಬದಲಾಗಿ ಅದೇ ಕಾರ್ಡ್ ‘ಈಥರ್‌ನೆಟ್ 2’ ಆಗಿ ಹೊಸ ವೇಷದಲ್ಲಿ ಬರುವುದುಂಟು. ಆಗ ಹಾಕಿದ್ದ ಸ್ಥಿರ ಐಪಿ ಹಳೇ ಹೆಸರಿನ ಜೊತೆ ಉಳಿದುಬಿಡುತ್ತದೆ. ನಿಮ್ಮ ಫೋಟೊದಲ್ಲಿ ಸ್ಥಿರ ಐಪಿ ಸರಿಯಾಗಿಯೇ ಇದೆ, ಹಾಗಾಗಿ ಇದು ನಿಮ್ಮ ಸಮಸ್ಯೆ ಅಲ್ಲ. ಓದುವ ಬೇರೆಯವರಿಗೆ ಹೇಳಿದೆ.

ಮೂರನೆಯದು ಅಪ್‌ಡೇಟ್. ವಿಂಡೋಸ್ ಅಪ್‌ಡೇಟ್ ತೆರೆದು ಇತ್ತೀಚಿನ ತಿಂಗಳದ್ದನ್ನು ಹಾಕಿ, ರೀಸ್ಟಾರ್ಟ್ ಮಾಡಿ. ಕೇಬಲ್ ಮುಟ್ಟಬೇಡಿ. ಐದು ನಿಮಿಷ ಬಿಟ್ಟು ಪವರ್‌ಶೆಲ್‌ನಲ್ಲಿ ‘ಗೆಟ್-ನೆಟ್‌ಕನೆಕ್ಷನ್‌ಪ್ರೊಫೈಲ್’ (Get-NetConnectionProfile) ಆಜ್ಞೆ ಕೊಡಿ. ವರ್ಗದ ಜಾಗದಲ್ಲಿ ‘ಡೊಮೇನ್‌ಆಥೆಂಟಿಕೇಟೆಡ್’ (DomainAuthenticated) ಎಂದು ಬಂದರೆ ಕೆಲಸ ಆಯಿತು.

ಅಪ್‌ಡೇಟ್ ಹಾಕಲು ಈ ವಾರ ಸಾಧ್ಯವೇ ಇಲ್ಲ ಎಂದರೆ ಮೈಕ್ರೋಸಾಫ್ಟ್‌ನವರೇ ಹೇಳಿದ್ದ ತಾತ್ಕಾಲಿಕ ದಾರಿ ಇದೆ: ‘ರೀಸ್ಟಾರ್ಟ್-ನೆಟ್‌ಅಡಾಪ್ಟರ್’ (Restart-NetAdapter) ಆಜ್ಞೆ. ನೀವು ಕೈಯಿಂದ ಕೇಬಲ್ ಕಿತ್ತು ಹಾಕುವುದನ್ನೇ ಅದು ಸಾಫ್ಟ್‌ವೇರ್‌ನಲ್ಲಿ ಮಾಡುತ್ತದೆ. ಟಾಸ್ಕ್ ಶೆಡ್ಯೂಲರ್‌ನಲ್ಲಿ ಸರ್ವರ್ ಶುರುವಾದ ಎರಡು ಮೂರು ನಿಮಿಷದ ಮೇಲೆ ಓಡುವ ಹಾಗೆ ಇಡಬಹುದು. ಅಷ್ಟರಲ್ಲಿ ಯಾರಾದರೂ ಟ್ಯಾಲಿ ತೆರೆದಿದ್ದರೆ ಅವರ ಸಂಪರ್ಕ ಒಂದು ಕ್ಷಣ ಕಡಿಯುತ್ತದೆ, ನಮೂದು ಅರ್ಧಕ್ಕೆ ನಿಲ್ಲಬಹುದು. ಅಪ್‌ಡೇಟ್ ಬಂದ ಮೇಲೆ ಈ ಟಾಸ್ಕ್ ತೆಗೆಯಲು ಮರೆಯಬೇಡಿ. ಹಳೇ ಆವೃತ್ತಿಗಳಿಗೆ ಬರೆದ ರಿಜಿಸ್ಟ್ರಿ ಬದಲಾವಣೆಗಳು ಇಂಟರ್‌ನೆಟ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. 2025ರಲ್ಲಿ ಈ ಭಾಗದ ಒಳರಚನೆ ಬದಲಾಗಿದೆ, ಅವುಗಳ ಹಿಂದೆ ಬೀಳಬೇಡಿ.

ಪವರ್ ಕಟ್ ಬಗ್ಗೆಯೂ ಎರಡು ಮಾತು. ಬೆಸ್ಕಾಂನವರು ಕರೆಂಟ್ ತೆಗೆದು ಮತ್ತೆ ಕೊಟ್ಟಾಗ ನಿಮ್ಮಲ್ಲಿ ಎಲ್ಲವೂ ಒಟ್ಟಿಗೆ ಏಳುತ್ತವೆ. ಎಸ್‌ಎಸ್‌ಡಿ ಇರುವ ಡೆಸ್ಕ್‌ಟಾಪ್‌ಗಳು ಬೇಗ ಏಳುತ್ತವೆ, ಸರ್ವರ್ ನಿಧಾನ. ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕ್‌ನಲ್ಲಿ ಸುತ್ತು ಬೀಳದಂತೆ ತಡೆಯುವ ಸೌಲಭ್ಯ) ಇರುವ ಸ್ವಿಚ್ ಆದರೆ ಲೈಟ್ ಹತ್ತಿದ ಮೇಲೂ ಸುಮಾರು 30 ಸೆಕೆಂಡ್ ಡೇಟಾ ಬಿಡುವುದಿಲ್ಲ. ಆ ಹೊತ್ತಿನಲ್ಲಿ ಡೆಸ್ಕ್‌ಟಾಪ್ ಡೊಮೇನ್ ಹುಡುಕಿ ಸಿಗದೆ ಅದೂ ‘ಪಬ್ಲಿಕ್’ ಆಗಬಹುದು. ಸ್ವಿಚ್ಚನ್ನೂ ಸರ್ವರ್‌ನ ಯುಪಿಎಸ್‌ಗೇ ಹಾಕಿ. ಸ್ವಿಚ್ ಮೊದಲು, ಸರ್ವರ್ ಆಮೇಲೆ, ಉಳಿದವು ಕೊನೆಗೆ. ಈ ಸರದಿಯನ್ನು ಒಂದು ಕಾಗದದಲ್ಲಿ ಬರೆದು ರ‍್ಯಾಕ್ ಮೇಲೆ ಅಂಟಿಸಿ.

ಒಂದೇ ಡೊಮೇನ್ ಕಂಟ್ರೋಲರ್ ಮೇಲೆ ಇಡೀ ಕಾರ್ಖಾನೆ ನಿಲ್ಲಿಸುವುದು ನನಗೆ ಇಷ್ಟವಿಲ್ಲ. ಎರಡನೆಯದೊಂದು ಇದ್ದರೆ ಒಂದು ಶುರುವಾಗುವಾಗ ಇನ್ನೊಂದನ್ನು ಕೇಳಬಹುದು. ತನ್ನನ್ನೇ ಕೇಳಿಕೊಳ್ಳುವ ಈ ಗೋಜಲು ಹೋಗುತ್ತದೆ. ಆಗ ಎರಡನೇ ಡಿಎನ್‌ಎಸ್ ಜಾಗಕ್ಕೆ ಹಾಕಲು ನಿಜವಾದ ವಿಳಾಸವೂ ಸಿಗುತ್ತದೆ. ಸ್ಟ್ಯಾಂಡರ್ಡ್ ಲೈಸೆನ್ಸ್ ಒಂದೇ ಮೆಷಿನ್‌ನಲ್ಲಿ ಎರಡು ವರ್ಚುವಲ್ ಸರ್ವರ್ ನಡೆಸಲು ಬಿಡುತ್ತದೆ. ಆದರೆ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟರೆ ಆ ಪೆಟ್ಟಿಗೆ ಕೆಟ್ಟ ದಿನ ಎರಡೂ ಹೋಗುತ್ತವೆ. ಬೇರೆ ಮೆಷಿನ್ ಆದರೆ ಖರ್ಚು ಜಾಸ್ತಿ, ನೆಮ್ಮದಿಯೂ ಜಾಸ್ತಿ. ವೆಂಡರ್ ಜೊತೆ ಲೈಸೆನ್ಸ್ ಮಾತು ಬಂದಾಗ ಇನ್ನೊಂದು ಕೇಳಿ: 2025ರ ಕ್ಯಾಲ್ (ಸರ್ವರ್ ಬಳಸುವ ಪ್ರತಿ ವ್ಯಕ್ತಿಗೆ ಅಥವಾ ಕಂಪ್ಯೂಟರ್‌ಗೆ ಬೇಕಾದ ಲೈಸೆನ್ಸ್) ಕೊಂಡಿದ್ದಾರಾ? 2016ಕ್ಕೆ ಕೊಂಡ ಕ್ಯಾಲ್‌ಗಳು 2025 ಸರ್ವರ್‌ಗೆ ನಡೆಯುವುದಿಲ್ಲ. ಅಪ್‌ಗ್ರೇಡ್ ಬಿಲ್‌ನಲ್ಲಿ ಅದು ಕಾಣದಿದ್ದರೆ ಆಡಿಟ್ ಬಂದಾಗ ತಲೆನೋವು ನಿಮ್ಮದೇ.

ಕಾಪಿಯರ್ ಕಥೆ ಬೇರೆ. ಕೇಬಲ್ ಕಿತ್ತು ಹಾಕಿದರೂ ಸರಿಹೋಗದ ಕಾರಣ ಪ್ರೊಫೈಲ್‌ಗೂ ಅದಕ್ಕೂ ಸಂಬಂಧವಿಲ್ಲ. ಹಳೇ ಕಾಪಿಯರ್‌ಗಳಿಗೆ ಎಸ್‌ಎಂಬಿ 1 ಎಂಬ ಫೋಲ್ಡರ್ ಹಂಚಿಕೆಯ ಹಳೇ ಭಾಷೆ ಅಥವಾ ಎನ್‌ಟಿಎಲ್‌ಎಂ ವಿ1 ಎಂಬ ಹಳೇ ಗುರುತಿನ ಪದ್ಧತಿ ಮಾತ್ರ ಬರುತ್ತದೆ. ಸರ್ವರ್ 2025ರಿಂದ ಎನ್‌ಟಿಎಲ್‌ಎಂ ವಿ1ನ್ನು ತೆಗೆದೇ ಹಾಕಿದ್ದಾರೆ, ಅದನ್ನು ಮತ್ತೆ ಎಬ್ಬಿಸಲು ಆಗುವುದಿಲ್ಲ. ಎಸ್‌ಎಂಬಿ 1ನ್ನು ಬೇಕಾದರೆ ಆನ್ ಮಾಡಬಹುದು, ಆದರೆ ಮಾಡಬೇಡಿ. 2017ರ ಮೇನಲ್ಲಿ ವಾನ್ನಾಕ್ರೈ ಎಂಬ ರಾನ್‌ಸಮ್‌ವೇರ್ ಹರಡಿದ್ದು ಅದರಲ್ಲಿದ್ದ ತೂತಿನಿಂದಲೇ. ಕಾಪಿಯರ್ ಸರ್ವಿಸ್‌ನವರಿಗೆ ಫೋನ್ ಮಾಡಿ, ‘ಎಸ್‌ಎಂಬಿ 2 ಅಥವಾ 3, ಎನ್‌ಟಿಎಲ್‌ಎಂ ವಿ2 ಬರುವ ಫರ್ಮ್‌ವೇರ್ ಇದೆಯಾ?’ ಎಂದು ಇದೇ ಶಬ್ದಗಳಲ್ಲಿ ಕೇಳಿ. ಇದ್ದರೆ ಹಾಕಿಸಿ. ಇಲ್ಲ ಎಂದರೆ ಸ್ಕ್ಯಾನ್ ಅನ್ನು ಫೋಲ್ಡರ್ ಬದಲು ಇಮೇಲ್‌ಗೆ ಕಳಿಸುವ ಹಾಗೆ ಮಾಡಿಸಿಕೊಳ್ಳಿ.